ಎಂಟನೆಯ ಗೂಡು

ಬಹಳ ಹಿಂದೆ, ಬರೆದ ಓಲೆ ಮರದ ಗೊಂಬೆಯನ್ನು ನಡೆಸುತ್ತಿದ್ದ ಕಾಲದಲ್ಲಿ, ಅರಿಗೆರೆ ಎಂಬ ರಾಜ್ಯವಿತ್ತು. ಗೊಂಬೆಯ ಎದೆಯೊಳಗೆ ಮಂತ್ರದ ಓಲೆ ಇಟ್ಟರೆ ಸಾಕು, ಅದು ಎದ್ದು ಹೊರಡುತ್ತಿತ್ತು. ಅಲ್ಲಿನ ಓಲೆಗಾರರು ಮಹಾ ಸೋಮಾರಿಗಳು. ಮಂತ್ರದ ಹೆಸರಷ್ಟೇ ಬರೆಯುವರು. ಗೊಂಬೆ ಆ ಹೆಸರು ಕೂಗಿದರೆ ಅರಮನೆಯ ಗಿಳಿಗಳು ಎಷ್ಟು ದೂರದಿಂದಲೂ ಪೂರ್ತಿ ಮಂತ್ರ ಒಪ್ಪಿಸುತ್ತಿದ್ದವು. ಅವರದು ಇನ್ನೊಂದು ರೂಢಿ. ಏನೇ ಎಣಿಸಲಿ, ಮೊದಲನೆಯದನ್ನು ಸೊನ್ನೆ ಎನ್ನುವರು, ಎರಡನೆಯದನ್ನು ಒಂದು.

ಕರಿಮುಖನೆಂಬ ಮಾಯಾವಿ ಏಳು ಜನರನ್ನು ಕದ್ದೊಯ್ದು, ಕಲ್ಲಾಗಿಸಿ, ತನ್ನ ಗವಿಯ ಗೂಡುಗಳಲ್ಲಿ ಸಾಲಾಗಿ ನಿಲ್ಲಿಸಿದ. ಕೊನೆಯ ಗೂಡಿನಲ್ಲಿದ್ದವಳು ಲಚ್ಚಕ್ಕ, ಓಲೆಗಾತಿ ಬಾಚಲೆಯನ್ನು ಎತ್ತಿ ಆಡಿಸಿ ಸಾಕಿದ ಅಕ್ಕ. ಗವಿ ಹೊಕ್ಕ ಮನುಷ್ಯರು ಹೊಕ್ಕಲ್ಲೇ ಕಲ್ಲು. ಗೊಂಬೆಯೊಂದು ಏಳೂ ಗೂಡು ಮುಟ್ಟಿ, ಹುಣ್ಣಿಮೆಯ ದಿನ ಸೂರ್ಯ ಮುಳುಗುವುದರೊಳಗೆ ಹೊರಬಂದರೆ ಎಲ್ಲರೂ ಬದುಕುವರು. ಇಲ್ಲವಾದರೆ ಎಂದೆಂದಿಗೂ ಕಲ್ಲೇ.

ಹಿರಿಯ ಓಲೆಗಾರ ದೇಕಜ್ಜ ಮೊದಲ ಗೊಂಬೆ ಕಳಿಸಿದ. ಅದು ಗವಿಬಾಗಿಲಲ್ಲಿ ಮಂತ್ರದ ಹೆಸರು ಕೂಗಿತು. ಕರಿಮುಖ ಗಿಳಿಯ ದನಿಯಲ್ಲಿ ಸುಳ್ಳು ಮಂತ್ರ ಹೇಳಿದ. ಗೊಂಬೆ ನಂಬಿತು, ಬೂದಿಯಾಯಿತು.

ಎರಡನೆಯ ಗೊಂಬೆಗೆ ದೇಕಜ್ಜ ಎಲ್ಲ ಮಂತ್ರವನ್ನೂ ಅಕ್ಷರ ಬಿಡದೆ ಓಲೆಯಲ್ಲೇ ಬರೆದ. ಅದು ಯಾರನ್ನೂ ಕೇಳದೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕಟಕಟನೆ ಮರ ಮುರಿದ ಸದ್ದು. ಗೊಂಬೆ ಬರಲಿಲ್ಲ.

ಹುಣ್ಣಿಮೆಯ ದಿನ ಬಂತು. ಬಾಚಲೆ ಅನ್ನ ಮುಟ್ಟದೆ ಓಲೆ ಬರೆಯಲು ಕೂತಳು. ಅವಳೂ ಮಂತ್ರಗಳನ್ನೆಲ್ಲ ಪೂರ್ತಿ ಬರೆದಳು, ಜೊತೆಗೆ ಒಂದು ಸಾಲು ಸೇರಿಸಿದಳು: ಮೊದಲು ಕಲ್ಲಾದವರನ್ನು ಎಣಿಸಿಕೋ, ಪ್ರತಿ ಸಲ ಕೈ ಚಾಚುವ ಮುನ್ನ, ಆ ಗೂಡು ಲೆಕ್ಕದೊಳಗೆ ಇದೆಯೇ ನೋಡು.

"ಹುಚ್ಚಿ! ಪ್ರತಿ ಸಲ ನೋಡ್ತಾ ನಿಂತ್ರೆ ಹೊತ್ತು ಮುಳುಗುತ್ತೆ ಕಣೇ," ದೇಕಜ್ಜ ರೇಗಿದ. "ಇರೋದು ಏಳು ಗೂಡು. ನಮಗೆ ಎಣಿಸೋಕೆ ಬರಲ್ವ?"

"ಬರುತ್ತೆ ಅಜ್ಜ. ಆದ್ರೆ ನಂಗೆ ಭಯ. ಒಳಗಿರೋಳು ನಮ್ಮಕ್ಕ."

ಓಲೆಯ ಭಾರಕ್ಕೆ ಗೊಂಬೆ ತುಂಬು ಬಸುರಿಯಂತೆ ನಿಧಾನವಾಗಿ ನಡೆಯಿತು. ಹೊರಗೆ ಬಾಚಲೆ ಸೂರ್ಯನನ್ನೊಮ್ಮೆ, ಗವಿಯನ್ನೊಮ್ಮೆ ನೋಡುತ್ತ ಸೆರಗು ಹಿಂಡುತ್ತಿದ್ದಳು.

"ಸೊನ್ನೆ. ಇದೆ. ಮುಟ್ಟಿದೆ," ಎಂದಿತು ಗೊಂಬೆ ಒಳಗಿನಿಂದ.

ಎಷ್ಟೋ ಹೊತ್ತಿನ ಮೇಲೆ, "ಒಂದು. ಇದೆ. ಮುಟ್ಟಿದೆ."

ಸೂರ್ಯ ಗುಡ್ಡದ ನೆತ್ತಿಗೆ ತಾಗಿದ. "ಆರು. ಇದೆ. ಮುಟ್ಟಿದೆ."

ಬೆರಳು ಮಡಚುತ್ತಿದ್ದ ಬಾಚಲೆ ಬೆಚ್ಚಿದಳು. ಏಳು ಬೆರಳು ಆಗಿಹೋಗಿದ್ದವು.

"ಅಯ್ಯೋ ಅಜ್ಜ! ಸೊನ್ನೆಯಿಂದ ಏಳರವರೆಗೆ ಮುಟ್ಟು ಅಂತ ಬರೆದುಬಿಟ್ಟೆ! ಎಂಟಾಗುತ್ತೆ!"

ದೇಕಜ್ಜನ ಮುಖ ಬಿಳಿಚಿತು. "ನಾನೂ ಹಂಗೇ ಬರೆದಿದ್ದೆ ಮಗಾ."

ಎಂಟನೆಯದು ಗೂಡಲ್ಲ. ಅಲ್ಲಿ ಕರಿಮುಖನ ನಾಗ ಗೋಡೆಗೆ ಒರಗಿ ಗೂಡಿನಂತೆ ಬಾಯಿ ತೆರೆದುಕೊಂಡಿತ್ತು.

"ಏಳು," ಎಂದಿತು ಗೊಂಬೆ. ಬಾಚಲೆ ಉಸಿರು ಬಿಗಿಹಿಡಿದಳು. ಕೂಗಿ ತಡೆಯುವಂತಿಲ್ಲ, ಗೊಂಬೆ ಕೇಳುವುದು ಓಲೆಯ ಮಾತನ್ನು ಮಾತ್ರ.

"ಇಲ್ಲ," ಎಂದಿತು ಗೊಂಬೆ. ಕೈ ಚಾಚದೆ ತಿರುಗಿ ನಡೆಯಿತು.

"ಇದೆ! ಹಾಕು ಕೈ!" ಕರಿಮುಖ ಅಬ್ಬರಿಸುತ್ತ ಗೊಂಬೆಯನ್ನು ಎಳೆಯಲು ನುಗ್ಗಿದ, ಅದರ ಭಾರಕ್ಕೆ ಕೈ ಜಾರಿ ಹಿಂದಕ್ಕೆ, ನಾಗನ ಬಾಯೊಳಗೇ ಬಿದ್ದ. ಹಸಿದ ನಾಗ ಯಾರೆಂದು ನೋಡಲಿಲ್ಲ, ಬಾಯಿ ಮುಚ್ಚಿತು.

ಸೂರ್ಯ ಉಗುರಿನಷ್ಟು ಉಳಿದಿದ್ದಾಗ ಗೊಂಬೆ ಹೊಸ್ತಿಲು ದಾಟಿತು. ಹಿಂದೆಯೇ ಏಳು ಜನ ಕಣ್ಣುಜ್ಜಿಕೊಳ್ಳುತ್ತ ಬಂದರು. ಕೊನೆಯವಳಾಗಿ ಬಂದ ಲಚ್ಚಕ್ಕ ತಂಗಿಯ ಮುಖ ನೋಡಿ, "ಏನೇ ಇಷ್ಟು ಸೊರಗಿದೀಯ, ಉಣ್ಲಿಲ್ವ?" ಎಂದಳು. ಬಾಚಲೆ ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟಳು.

ಅಂದಿನಿಂದ ಅರಿಗೆರೆಯ ಪ್ರತಿ ಓಲೆಯಲ್ಲೂ ಬಾಚಲೆಯ ಆ ಸಾಲು ಇರುತ್ತಿತ್ತು. ತಡವಾಯಿತೆಂದು ಯಾರೂ ಗೊಣಗಲಿಲ್ಲ, ಎಲ್ಲರೂ ಸುಖವಾಗಿದ್ದರು. ಮನೆಗೆ ಮರಳಿದ ಆ ರಾತ್ರಿಯೇ ಲಚ್ಚಕ್ಕ ಮೊದಲ ಬಿಸಿ ರೊಟ್ಟಿ ಬಡಿಸಿ, "ಎಷ್ಟಾಯ್ತೇ?" ಎಂದಾಗ, ಬಾಚಲೆ "ಸೊನ್ನೆ" ಎನ್ನಹೋಗಿ ನಾಲಿಗೆ ಕಚ್ಚಿಕೊಂಡಳು.

"ಒಂದು ಅಕ್ಕಾ," ಎಂದಳು. "ಒಂದು."