ಭೋಲಾನ ಮೊಣಕಾಲು

ಸಂಪದಾ ಬಾಯಾರು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ದವಾಖಾನೆಯಲ್ಲಿ ನಾಯಿ ನೋಡಬೇಕಾದ ಡಾಕ್ಟರು ನಾನು, ಗುಳಿ ನೋಡುತ್ತ ಕೂತೆ.

ಅವರು ಗುಡಗೇರಿ ಹೈಸ್ಕೂಲಿನ ವಿಜ್ಞಾನ ಟೀಚರ್. ಹೋದ ವರ್ಷ ಅವರ ಪುಟ್ಟ ನಾಯಿ ಚಿಂಗಿಯ ಹಿಂಗಾಲಿನ ಮೊಣಕಾಲಲ್ಲಿ ಲಿಗಮೆಂಟ್ ಹರಿದಿತ್ತು. ಆರೇ ಕಿಲೋದ ಜೀವ. ಕಟ್ಟಿಹಾಕಿ ವಿಶ್ರಾಂತಿ ಕೊಟ್ಟಿದ್ದಕ್ಕೇ ಚೇತರಿಸಿಕೊಂಡಿತು.

ಈ ಸಲ ಕುಂಟುತ್ತ ಬಂದದ್ದು ಅವರ ಇನ್ನೊಂದು ನಾಯಿ ಭೋಲಾ, ಮೂವತ್ತೈದು ಕಿಲೋ ತೂಗುವ ಲ್ಯಾಬ್ರಡಾರ್. ತೊಡೆಯ ಎಲುಬು ಹಿಡಿದು ಕೆಳಗಿನ ಎಲುಬನ್ನು ಮುಂದಕ್ಕೆ ಒತ್ತಿದೆ. ಸಲೀಸಾಗಿ ಜಾರಿತು. ತಡೆದು ಹಿಡಿಯುವ ಲಿಗಮೆಂಟೇ ಉಳಿದಿರಲಿಲ್ಲ. ಇಷ್ಟು ಭಾರದ ನಾಯಿಗೆ ಆಪರೇಷನ್ನೇ ಆಗಬೇಕು. ಧಾರವಾಡದ ದೊಡ್ಡ ದವಾಖಾನೆಗೆ ಚೀಟಿ ಬರೆದೆ.

"ಚಿಂಗಿಗೆ ಮಾಡಿದಂಗ ಇದಕ್ಕೂ ಮಾಡ್ರಿ ಡಾಕ್ಟ್ರ. ವಾರಾ ವಾರಾ ಕರ್ಕೊಂಡು ಬರ್ತೀನಿ," ಎಂದು ನಕ್ಕರು.

ವಾರಾ ವಾರಾ! ಚೀಟಿ ಡ್ರಾವರಿಗೆ ಹೋಯಿತು.

"ನೋಡೂಣ್ರಿ," ಎಂದೆ.

ಐದು ಸಂತೆ ದಿನ ಬಂದರು. "ಅಂಗಿಗೆ ಇಸ್ತ್ರಿ ಭೋಲಾನ ಸಲುವಾಗಿ ಏನ್ರಿ?" ಎಂದು ಓರೆಗಣ್ಣಿನಲ್ಲಿ ಚುಡಾಯಿಸಿದರು. ಭೋಲಾ ಮಾತ್ರ ನೋವಿನ ಕಾಲೆತ್ತಿ, ಭಾರವನ್ನೆಲ್ಲ ಇನ್ನೊಂದು ಹಿಂಗಾಲಿಗೆ ಹಾಕುತ್ತಿತ್ತು. ಕಂಡೂ ಕಾಣದಂತಿದ್ದೆ.

ಆರನೇ ವಾರ ಅದನ್ನು ಬಾಡಿಗೆ ಓಮ್ನಿಯಲ್ಲಿ ಮಲಗಿಸಿಕೊಂಡು ಬಂದರು. ಎರಡನೇ ಮೊಣಕಾಲೂ ಹೋಗಿತ್ತು.

"ನಾನೇ ಸರಿಯಾಗಿ ಕಟ್ಟಿಹಾಕಲಿಲ್ಲೇನ್ರಿ?" ಎಂದು ಅಳತೊಡಗಿದರು.

ಸುಮ್ಮನಿದ್ದರೆ ಬಚಾವಾಗುತ್ತಿದ್ದೆ. ಆದರೆ ಭೋಲಾ ನನ್ನ ಕೈ ನೆಕ್ಕಿತು. ಡ್ರಾವರ್ ಎಳೆದು ಚೀಟಿ ಅವರ ಮುಂದಿಟ್ಟೆ.

"ಇದು ಮೊದಲನೇ ದಿನದ್ದದ," ಎಂದರು ತಾರೀಖು ನೋಡಿ.

"ಹೌದ್ರಿ. ಕಳಿಸಿದ್ರ ನೀವು ಮತ್ತ ಬರಂಗಿಲ್ಲ ಅಂತ ಇಟ್ಕೊಂಡೆ. ನನಗ ನೀವಂದ್ರ ಜೀವ. ತಪ್ಪು ನಂದು, ನಿಮ್ದಲ್ಲ."

ಅವರು ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡರು.

"ಒಂದು ಸಲ ಚಹಾಕ್ಕ ಬರ್ರಿ ಅಂದಿದ್ರ ಬರ್ತಿದ್ದಿಲ್ಲೇನು ನಾನು? ಇದರ ಕಾಲು ಯಾಕ ಬೇಕಾಗಿತ್ತು ನಿಮಗ?"

 ಭೋಲಾನನ್ನು ಎತ್ತಿ ಓಮ್ನಿಯಲ್ಲಿ ಮಲಗಿಸಿದೆ. ಅವರು ಹತ್ತಿ ಕೂತರು. ನಾನು ಕೆಳಗೇ ನಿಂತೆ.

"ಹತ್ರಿ. ನನ್ನೊಬ್ಬಾಕಿ ಕೈಲೆ ಇದನ್ನ ಎತ್ತಾಕಾಗಂಗಿಲ್ಲ."

ಧಾರವಾಡದ ದಾರಿಯಲ್ಲಿ ಕುಂದಗೋಳ ದಾಟುವವರೆಗೆ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ಆಪರೇಷನ್ ಆದಮ್ಯಾಲೆ ನೀವೇ ಮನಿಗೆ ಬಂದು ಇದನ್ನ ನಡಸಬೇಕು. ವಾರಾ ವಾರಾ ಅಲ್ಲ, ದಿನಾ. ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ. ಶಿಕ್ಷಾ ಅದು."

ಶಿಕ್ಷೆ ಕೇಳಿ ನನಗೆ ಖುಷಿಯಾಯಿತು. ತೊಡೆಯ ಮೇಲಿದ್ದ ಭೋಲಾನ ಕಾಲು ನೋಡಿ, ಆ ಖುಷಿಗೂ ನಾಚಿಕೆಯಾಯಿತು.