ಆ ಒಂದು ಸಾಲು ಅಳಿಸು!

“ಅಳಿಸು!”

ಹಾಗೆಂದವನು ಟೈ. ನನ್ನ ಕತ್ತು ಹಿಡಿದಿದ್ದವನು ಕಂಬ.

ಅವರ ಹೆಸರು ನನಗೆ ಗೊತ್ತಿರಲಿಲ್ಲ. ಒಬ್ಬ ಟೈ ಕಟ್ಟಿದ್ದ, ಇನ್ನೊಬ್ಬ ಕಂಬದ ಹಾಗಿದ್ದ... ಅಷ್ಟು ಸಾಕು. ಕಂಬ ತನ್ನ ಮೊಣಕೈ ಸಂದಿಯಲ್ಲಿ ನನ್ನ ಗಂಟಲನ್ನು ಇಟ್ಟುಕೊಂಡು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದ. ಬೆಳಗಿನ ಹತ್ತೂವರೆ. ಕಿಟಕಿಯಲ್ಲಿ ಬಿಸಿಲು ಇತ್ತು. ನನ್ನ ಕಣ್ಣಿಗೆ ಕತ್ತಲೆ!

ಎದುರಿಗೆ ಕಂಪ್ಯೂಟರ್ ಮುಂದೆ ನನ್ನ ತಂಗಿಯ ಮಗಳು.

“ಮಾವನ್ನ ಬಿಡಿ. ಅಳಿಸ್ತೀನಿ.”

“ಅಳಿಸಬೇಡ ಕಣೇ...” ಎಂದೆ. ಪೂರ್ತಿ ಬಾಯಿಂದ ಬರಲಿಲ್ಲ.

ಯಾವ ಸಾಲು ಅಂತ ಹೇಳಬೇಕಲ್ಲ, ಕೇಳಿ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ನಲವತ್ತು ವರ್ಷ ಬೇರೆಯವರ ತೊಂದರೆ ಬಿಡಿಸಿದೆ. ಓಡಿಹೋದವರನ್ನು ಹುಡುಕಿದೆ, ಹೆದರಿಸುವವರನ್ನು ಹೆದರಿಸಿದೆ. ಓದು ಇಲ್ಲದವನಿಗೆ ನೆನಪೇ ಪುಸ್ತಕ. ಒಮ್ಮೆ ನೋಡಿದ್ದು ಮರೆಯುವುದಿಲ್ಲ.

ಆರು ತಿಂಗಳ ಹಿಂದೆ ನನ್ನ ತಂಗಿ ಫೋನಿನಲ್ಲಿ ಆಸ್ಪತ್ರೆಯ ರಿಪೋರ್ಟು ತೆರೆದಳು. ರಿಪೋರ್ಟಿನ ಮೇಲೆ ದೊಡ್ಡ ಹಸಿರು ಬಟನ್ ಹಾರಿ ಬಂತು. ‘ಬಿ.ಪಿ. ಮಾತ್ರೆ ಎಸೆಯಿರಿ, ಏಳು ದಿನ ನಮ್ಮ ಪುಡಿ ತಗೊಳ್ಳಿ.’ ಆಸ್ಪತ್ರೆಯೇ ಹೇಳುತ್ತಿದೆ ಅಂದುಕೊಂಡಳು ಪಾಪ! ಒತ್ತಿದಳು. ಪುಡಿ ಬಂತು. ಮಾತ್ರೆ ಹೋಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಮಾತು ತೊದಲಿತು. ಸಂಜೆಗೆ ಬಲಗೈ ಬಿತ್ತು. ಇನ್ನೂ ಎದ್ದಿಲ್ಲ.

ಅವಳ ಮಗಳು ಅಳುತ್ತ ಕೂರಲಿಲ್ಲ. ಅವಳು ಇಂಥ ಆ್ಯಡ್‌ಗಳನ್ನು ತಡೆಯುವ ಪಟ್ಟಿ ಬರೆಯುವವಳು. ಆ್ಯಡ್ ಬ್ಲಾಕರ್ ಅಂದರೆ ಬಾಗಿಲಲ್ಲಿ ನಿಂತ ವಾಚ್‌ಮನ್ ಇದ್ದ ಹಾಗೆ. ಇಂಥವರನ್ನು ಒಳಗೆ ಬಿಡಬೇಡ ಅಂತ ಅವನ ಕೈಗೆ ಕೊಡುವ ಪಟ್ಟಿ ಇವಳದು. ಆ ಪುಡಿಯ ಆ್ಯಡ್‌ಗೂ ಒಂದು ಸಾಲು ಬರೆದಳು. ಆಸ್ಪತ್ರೆಯವರು ಬಂದ ರೋಗಿಗಳ ಫೋನಿಗೆಲ್ಲ ಅವಳ ಪಟ್ಟಿ ಹಾಕಿಸಿದರು. ಪುಡಿ ಕೊಳ್ಳುವವರು ನಿಂತರು.

ಪುಡಿ ಮಾರುವವನು ಹುಡುಕಿಕೊಂಡು ಬಂದ. ಅವನೇ ಈ ಟೈ!

ಅವಳ ಬೆರಳು ಕೀಲಿಯ ಮೇಲೆ ಬಿತ್ತು. ಸಾಲು ಮಾಯ.

“ಆಯ್ತು,” ಎಂದಳು.

ನಾನು ಅವಳ ಮುಖ ನೋಡಿದೆ. ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು.

ಅದನ್ನೇ ಕಾಯುತ್ತಿದ್ದೆ ನಾನು! ಪಟ್ಟಿ ತಿದ್ದುವುದು ಒಂದು ಕೆಲಸ, ತಿದ್ದಿದ್ದನ್ನು ಊರಿಗೆಲ್ಲ ಕಳಿಸುವುದು ಇನ್ನೊಂದು. ಕಳಿಸಿದ ತಕ್ಷಣ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾಳೆ. ಆರು ವರ್ಷದಿಂದ ನೋಡಿದ್ದೇನೆ, ಒಂದು ಸಲವೂ ತಪ್ಪಿಲ್ಲ. ಅಂದರೆ... ಅವಳು ಕಳಿಸಿಲ್ಲ. ಹೊರಗಿರುವ ಸಾಲು ಹಾಗೇ ಇದೆ.

ಭಲೇ ಹುಡುಗಿ!

ಟೈ ತನ್ನ ಫೋನಿನಲ್ಲಿ ಆಸ್ಪತ್ರೆಯ ಪುಟ ತೆರೆದ. ನೋಡಿದ. ಮತ್ತೆ ನೋಡಿದ.

“ಎಲ್ಲಿದೆ ನನ್ನ ಆ್ಯಡ್? ಕಾಣ್ತಾನೇ ಇಲ್ಲ! ಆಟ ಆಡ್ತಿದೀಯಾ? ಲೋ, ಮುದುಕನ ಕತ್ತು ತಿರುಚೋ!”

ಮೂಳೆ ಕಟಕ್ ಅಂದಿತು. ಅಷ್ಟರಲ್ಲಿ ನನ್ನ ಕಣ್ಣು ಅವನ ಫೋನಿನ ಮೂಲೆಗೆ ಬಿತ್ತು. ಪುಟ್ಟ ಗುರಾಣಿಯ ಗುರುತು. ನನ್ನ ಫೋನಿನಲ್ಲೂ ಅದೇ ಇದೆ, ಇವಳೇ ಹಾಕಿಕೊಟ್ಟಿದ್ದು.

“ಸ್ವಾಮಿ... ನಿಮ್ಮ ಫೋನಲ್ಲೇ ಬ್ಲಾಕರ್ ಇದೆಯಲ್ಲ!”

ಟೈನ ಮುಖ ಕೆಂಪಾಯಿತು. “ಅದು... ಆಫೀಸಿನವ್ರು ಹಾಕಿದ್ದು. ಈ ಆ್ಯಡ್‌ಗಳ ಕಾಟ ಯಾರಿಗೆ ಬೇಕು?”

ವಿಷ ಮಾರುವವನು ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಾನೆಯೇ?

“ಅದಿಲ್ಲದ ಫೋನಲ್ಲಿ ನೋಡಿ. ಕಂಡೇ ಕಾಣುತ್ತೆ,” ಎಂದೆ.

ಜೂಜು! ಬ್ಲಾಕರ್ ಇಲ್ಲದ ಫೋನಿನಲ್ಲಿ ಸಾಲು ಇದ್ದರೂ ಕಾಣುತ್ತೆ, ಅಳಿಸಿದರೂ ಕಾಣುತ್ತೆ. ಸಿಟ್ಟು ತಲೆಗೇರಿದವನಿಗೆ ಅದು ಹೊಳೆಯಬಾರದು... ಅಷ್ಟೇ.

“ಲೋ, ನಿನ್ನ ಫೋನ್ ಕೊಡು.”

ಕಂಬ ಒಂದು ಕೈಯಲ್ಲಿ ಕೊಟ್ಟ. ಟೈ ತೆರೆದ. ಹಸಿರು ಬಟನ್ ಪರದೆ ತುಂಬ ಎದ್ದು ಕುಣಿಯಿತು!

“ಬಂತು!” ಟೈ ನಕ್ಕ. “ಕೆಲಸ ಮುಗೀತು. ನಡಿ.”

ಕಂಬ ಬಗ್ಗಿ ನೋಡಿದ. ಹುಬ್ಬು ಗಂಟಾಯಿತು.

“ಇದು ನಿನ್ನೆನೂ ಇತ್ತಲ್ಲ ಸಾರ್.”

ಕೆಟ್ಟೆವು!

ಟೈ ನಿಧಾನವಾಗಿ ತಿರುಗಿದ. ಅವನ ಕೈ ಕೋಟಿನೊಳಗೆ ಹೋಯಿತು. ಚಾಕು ಹೊರಗೆ ಬಂತು.

“ನಿನ್ನೆನೂ ಇತ್ತಾ...?”

“ದಿನಾ ಇರುತ್ತೆ ಸಾರ್. ಇದನ್ನ ನೋಡೇ ನಮ್ಮಮ್ಮಂಗೆ ಪುಡಿ ತರಿಸಿದ್ದು.” ಕಂಬನ ದನಿ ಬದಲಾಯಿತು. “ಇದು ನಿಮ್ದಾ? ಯಾವುದೋ ಕಂಪನಿ ಆ್ಯಡ್ ಅಂದಿದ್ರಿ...”

“ಬಾಯಿ ಮುಚ್ಕೊಂಡಿರು! ಇವಳು ಮೋಸ ಮಾಡಿದ್ದಾಳೆ!”

ಚಾಕು ಅವಳ ಕಡೆ ಹೊರಟಿತು. ನನ್ನ ಹತ್ತಿರ ಇದ್ದದ್ದು ಅರ್ಧ ಉಸಿರು. ಅದನ್ನು ಕಂಬನಿಗೆ ಖರ್ಚು ಮಾಡಿದೆ.

“ನಿಮ್ಮಮ್ಮ ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತಪ್ಪಾ?”

“ಹತ್ತು... ಹನ್ನೊಂದು.”

“ಮಾತು ಸರಿಯಾಗಿದೆಯಾ?”

ಅವನ ಮೊಣಕೈ ಸಡಿಲವಾಯಿತು.

“ಬೆಳಿಗ್ಗೆಯಿಂದ ತೊದಲ್ತಿದಾಳೆ ಅಜ್ಜಾ. ನಿದ್ದೆಗಣ್ಣು ಅಂದ್ಕೊಂಡೆ...”

“ನನ್ನ ತಂಗಿಗೂ ಬೆಳಿಗ್ಗೆ ಮಾತು ಹೋಯ್ತು. ಸಂಜೆಗೆ ಕೈ. ಅದೇ ಆಸ್ಪತ್ರೆಗೆ ಓಡು!”

ಕಂಬ ನನ್ನನ್ನು ಬಿಟ್ಟ. ಬಿಟ್ಟ ಕೈಯಲ್ಲೇ ಟೈನ ಮಣಿಕಟ್ಟು ಹಿಡಿದ. ಚಾಕು ನೆಲಕ್ಕೆ ಬಿತ್ತು. ಅವನು ಹೊಡೆಯಲಿಲ್ಲ. ಸುಮ್ಮನೆ ನೋಡಿದ, ಅಷ್ಟೇ.

ಟೈಗೆ ಅಷ್ಟು ಸಾಕಾಯಿತು. ಕಿತ್ತುಕೊಂಡು ಓಡಿದ!

ಹದಿನೆಂಟು ಮೆಟ್ಟಿಲು. ದಡದಡ ಇಳಿದ. ಕಂಬ ಹಿಂದೆ. ಗೋಡೆ ಹಿಡಿದು ನಾನು ಅವರ ಹಿಂದೆ. ಕೆಳಗಿನ ಕಬ್ಬಿಣದ ಬಾಗಿಲು ಒಳಕ್ಕೆಳೆದರೆ ತೆರೆಯುತ್ತೆ. ಹೆದರಿದವರು ತಳ್ಳುತ್ತಾರೆ. ಟೈ ತಳ್ಳಿದ, ಭುಜ ಕೊಟ್ಟ, ಒದ್ದ... ಕಂಬ ಅವನನ್ನು ಮೂಟೆಯ ಹಾಗೆ ಎತ್ತಿ ಪಕ್ಕಕ್ಕೆ ಹಾಕಿದ. ಬಾಗಿಲೆಳೆದು ಹೊರಗೆ ಹಾರಿದ.

ಟೈ ಏಳುವುದರೊಳಗೆ ನಾನು ಬೀಗ ತಿರುಗಿಸಿದ್ದೆ. ಕೀಲಿಯನ್ನು ಕಂಬಿಯ ಸಂದಿಯಿಂದ ಬೀದಿಗೆ ಎಸೆದೆ. ಈಗ ಅವನೂ ನಾನೂ ಒಳಗೆ.

“ಮಾವ! ಪೊಲೀಸರಿಗೆ ಫೋನ್ ಮಾಡ್ಲಾ?” ಮೇಲಿನಿಂದ ಕೂಗಿದಳು.

“ಮೊದಲು ಆಸ್ಪತ್ರೆಗೆ ಮಾಡು. ಒಬ್ಬ ತಾಯಿ ಬರ್ತಿದಾಳೆ, ಸಿದ್ಧವಾಗಿರಿ ಅನ್ನು. ಆಮೇಲೆ ಆ ಸಾಲನ್ನ ಮತ್ತೆ ಬರೆದಿಡು.”

“ಬರೆದಾಯ್ತು!”

ಟೈ ಮೂಲೆಯಲ್ಲಿ ಕೂತು ಬಟ್ಟೆ ಕೊಡವಿಕೊಂಡ. “ಸಾಕ್ಷಿ ಎಲ್ಲಿದೆ ಅಜ್ಜ? ಪೊಲೀಸರು ಬಂದರೂ ಸಂಜೆಗೆ ಮನೇಲಿರ್ತೀನಿ.”

ನಾನು ಮೆಟ್ಟಿಲ ಮೇಲೆ ಕೂತೆ. ಸಾಕ್ಷಿ ಆಸ್ಪತ್ರೆಗೆ ಹೋಗಿದ್ದ, ಅವನು ಸಿಗುವವರೆಗೆ ಪೊಲೀಸರೂ ಕಾಯಲಿ. ಕಾಯುವುದು ನನಗೆ ಅಭ್ಯಾಸ.

ಎರಡು ಗಂಟೆ ಕಳೆದ ಮೇಲೆ ಅವಳು ಫೋನು ಹಿಡಿದು ಇಳಿದು ಬಂದಳು. ಆಸ್ಪತ್ರೆಯಿಂದ. ಸ್ಪೀಕರ್ ಹಾಕಿದಳು.

“ಅಜ್ಜಾ!” ಕಂಬ ಅಳುತ್ತಿದ್ದ. “ಸಮಯಕ್ಕೆ ತಂದ್ರಿ ಅಂದ್ರು ಡಾಕ್ಟ್ರು. ಅಮ್ಮ ನನ್ನ ಹೆಸರು ಹಿಡಿದು ಕರೆದಳು...” ಮೂಗೊರೆಸಿದ ಸದ್ದು. ಆಮೇಲೆ ದನಿ ತಣ್ಣಗಾಯಿತು. “ಅವನು ಇನ್ನೂ ಅಲ್ಲೇ ಇದಾನಾ?”

“ಇದಾನೆ.”

“ಹಾಗಿದ್ರೆ ಪೊಲೀಸರಿಗೆ ಈಗಲೇ ಹೇಳ್ಬೇಡಿ. ನಾನು ಬರ್ತಿದೀನಿ.”

ಟೈ ಎದ್ದು ನಿಂತ. ಕಂಬಿ ಹಿಡಿದು ಬೀದಿಗೆ ಮುಖವಿಟ್ಟು ಬೊಬ್ಬೆ ಹಾಕಿದ.

“ಪೊಲೀಸ್! ಯಾರಾದ್ರೂ ಪೊಲೀಸರನ್ನ ಕರೀರಪ್ಪಾ!”

ನಲವತ್ತು ವರ್ಷದಲ್ಲಿ ಪೊಲೀಸರನ್ನು ಅಷ್ಟು ಪ್ರೀತಿಯಿಂದ ಕರೆದ ಕಳ್ಳನನ್ನು ನಾನು ಕಂಡಿಲ್ಲ.