ಬೇಗ ಇಳಿಸಿದ ಕಡಾಯಿ

"ಈ ಬೆಲ್ಲ ಹೊತ್ತೈತೇನ್ರಿ?"

ರಾವಸಾಹೇಬ ಕೇಳಿದ್ದು ಇಷ್ಟೇ. ಕಬ್ಬೂರಿನ ಆ ಗಾಣದ ಮನೆಯಲ್ಲಿ ಎಲ್ಲರ ಕೈಯೂ ಒಮ್ಮೆಲೇ ನಿಂತಿತು. ಬೆಲ್ಲ ಮಾಡುವವರ ಎದುರು ಹೀಗೆ ಕೇಳುವುದೆಂದರೆ, ಊಟಕ್ಕೆ ಕೂತು ಅಡುಗೆ ಹಳಸಿದೆಯೇ ಎಂದು ಕೇಳಿದ ಹಾಗೆ. ಕಲ್ಲಿನ ಮೇಲೆ ಬೆಂಡೆಗಿಡದ ಕಾಂಡ ಜಜ್ಜುತ್ತಿದ್ದ ಹುಡುಗಿ ತಲೆಯೆತ್ತಿದಳು. ಮೊದಲು ಅವನ ಬೂಟು ನೋಡಿದಳು, ಆಮೇಲೆ ಟೈ, ಕೊನೆಗೆ ಕೈಯಲ್ಲಿದ್ದ ಫಾರ್ಮು.

"ಸಾಹೇಬ್ರದು ಯಾವೂರು?"

"ಮುಂಬೈಯಿಂದ ಬಂದೀನ್ರಿ. ಕನ್ಸಲ್ಟಿಂಗ್ ಕಂಪನಿ."

"ಅದಲ್ರಿ. ಹುಟ್ಟಿದ ಊರು."

"ಅಥಣಿ."

"ಅಥಣಿಯಾವ್ರಾಗಿ ಬೆಲ್ಲದ ಖರೇ ಬಣ್ಣ ಗೊತ್ತಿಲ್ಲೇನ್ರಿ? ಹಳದಿ ಬೇಕಂದ್ರ ಕೆಮಿಕಲ್ ಪುಡಿ ಹಾಕಬೇಕು. ನಾವು ಹಾಕೂದಿಲ್ಲ. ಬೆಂಡಿ ಲೋಳಿ ಹಾಕಿ ಹೊಲಸು ತಗೀತೀವಿ, ಅಷ್ಟ."

ಗಾಣಕ್ಕೆ ಬಂದವರನ್ನು ಬರಿ ಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ, ಅವರು ಎಂಥ ಮಾತಾಡಿದರೂ. ಅವಳು ತಾಟಿನಲ್ಲಿ ಬಿಸಿ ಬೆಲ್ಲ ಹಾಕಿಕೊಟ್ಟಳು. ಅವನು ಊದದೆ ಬಾಯಿಗಿಟ್ಟ, ಕಣ್ಣಲ್ಲಿ ನೀರು ಬಂತು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳಾದರೂ ನಗು ಕಣ್ಣಲ್ಲಿ ಉಳಿದೇ ಇತ್ತು.

"ಯಾರೂ ಕಸಗೊಳ್ಳೂದಿಲ್ರಿ. ಸಾವಕಾಶ ತಿನ್ರಿ."

ಅವಳು ಸುಗಂಧಾ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷದಿಂದ ಗಾಣದ ಯಜಮಾನಿಕೆ ಅವಳದೇ.

ಅವಸರವೆಂಬುದು ರಾವಸಾಹೇಬನ ಹುಟ್ಟುಗುಣ. ಬಸ್ಸು ನಿಲ್ಲುವ ಮೊದಲೇ ಇಳಿಯುತ್ತಿದ್ದ. ಒಂದು ಕಪ್ ಚಹಾ ಕೂಡ ಪೂರ್ತಿ ಕುಡಿದವನಲ್ಲ. ಪುಣೆಯಲ್ಲಿ ಎಂಬಿಎ ಮುಗಿಸಿ ನಾಲ್ಕು ವರ್ಷದಲ್ಲಿ ಮೂರು ಕಂಪನಿ ಬದಲಿಸಿದ್ದ. ಊರವರಿಗೆಲ್ಲ ವ್ಯಾಪಾರ ಹೇಗೆ ಮಾಡಬೇಕೆಂದು ಹೇಳುತ್ತಿದ್ದವನು ತನ್ನ ಕೈಯಿಂದ ಒಂದು ಸಾಮಾನನ್ನೂ ಮಾಡಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಚಡಪಡಿಕೆ.

ಬೆಲ್ಲ ಕೊಳ್ಳಲು ಹೊರಟಿದ್ದ ಕಂಪನಿಯೊಂದಕ್ಕೆ ಅವನು ಆ ಡಿಸೆಂಬರಿನಲ್ಲಿ ವರದಿ ಬರೆಯಬೇಕಿತ್ತು. ಫಾರ್ಮಿನಲ್ಲಿ ಹಳದಿ ಒಂದನೇ ದರ್ಜೆ, ಕೆಂಪು ಎರಡನೆಯದು, ಕಪ್ಪು ಮೂರನೆಯದು. ಮುಂಬೈಗೆ ಮರಳಿ ಸುಗಂಧಾಳ ಬೆಲ್ಲಕ್ಕೆ ಮೂರನೇ ದರ್ಜೆ ಬರೆದ. ಇಂಥ ಗಾಣಗಳನ್ನು ಕೈಬಿಡಬೇಕೆಂದು ಸಹಿ ಹಾಕಿದ. ಅಂದು ಸಂಜೆ ದಾದರಿನ ಲೋಕಲ್‌ನಲ್ಲಿ ನಿಂತಿದ್ದಾಗ ನಾಲಿಗೆಯ ಮೇಲೆ ಆ ಬೆಲ್ಲದ ರುಚಿ ಎದ್ದು ಬಂತು. ಹಿಂದೆಯೇ ಆ ನಗು. ಮೂರು ತಿಂಗಳಾದರೂ ಎರಡೂ ಹೋಗಲಿಲ್ಲ.

೧೯೯೪ರ ಮಾರ್ಚಿನಲ್ಲಿ ಹದಿನೈದು ದಿನ ರಜೆ ಹಾಕಿ ಕಬ್ಬೂರಿಗೆ ಬಂದ. ಟೈ ಇರಲಿಲ್ಲ.

"ನಿಪ್ಪಾಣಿ ವ್ಯಾಪಾರಿ ನಮ್ಮ ಬೆಲ್ಲ ಬ್ಯಾಡ ಅಂದಾನ್ರಿ," ಎಂದಳು ಸುಗಂಧಾ. "ಕಂಪನಿಯಾವ್ರಿಗೆ ಯಾರೋ ಮೂರನೇ ದರ್ಜೆ ಅಂತ ಬರದು ಕೊಟ್ಟಾರಂತ."

"ಬರದವ ನಾನ ರೀ."

ಬೆಂಡೆಕಾಂಡ ಜಜ್ಜುತ್ತಿದ್ದ ಅವಳ ಕೈಯ ಕಲ್ಲು ನಿಂತಿತು.

"ಮತ್ತ ಇಲ್ಲಿಗ್ಯಾಕ ಬಂದ್ರಿ?"

"ತಪ್ಪು ಮಾಡೀನಿ. ಪುಡಿ ಇಲ್ಲದ ಬೆಲ್ಲಾನ ನಾನ ಪುಣೆದಾಗ ಮಾರತೀನಿ. ಭೂಮಿಗೂ ತ್ರಾಸಿಲ್ಲ, ತಿನ್ನಾವ್ರಿಗೂ ತ್ರಾಸಿಲ್ಲ, ಅಂಥದೊಂದು ಉದ್ಯೋಗ ಕಟ್ಟಬೇಕು. ಮೊದಲು ಕಲಸ್ರಿ."

ಹೋಳಿಯೊಳಗೆ ಗಿರಾಕಿ ಸಿಗದಿದ್ದರೆ ಗಾಣ ಕಿತ್ತುಬಿಡುವುದೆಂದು, ಗಾಣಕ್ಕೆ ದುಡ್ಡು ಹಾಕಿದ್ದ ಅವಳ ಸೋದರಮಾವ ಬಾಪುಸಾಹೇಬ ಖಂಡತುಂಡವಾಗಿ ಹೇಳಿ ಹೋಗಿದ್ದ. ಸಿಟ್ಟು ಮಾಡಿಕೊಂಡು ಕೂರುವಷ್ಟು ದಿನ ಅವಳ ಕೈಯಲ್ಲಿ ಉಳಿದಿರಲಿಲ್ಲ.

"ಒಲಿಗೆ ಸಿಪ್ಪಿ ಹಾಕ್ರಿ," ಎಂದಳು.

ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕಿ ಹಾಕಿ ಅವನ ಅಂಗೈಯಲ್ಲಿ ಬೊಬ್ಬೆ ಎದ್ದವು. ಬೆಲ್ಲದ ಪಾಕ ನೋಡುವ ಮುದುಕ ಮುರಗೆಪ್ಪ ಕುದಿಯುವ ರಸದ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ತಾಟಿಗೆ ಎಸೆಯುತ್ತಿದ್ದ. ಟಣ್ ಎಂದರೆ ಕಡಾಯಿ ಇಳಿಸುವ ಹೊತ್ತು.

"ಆತೇನ್ರಿ?" ರಾವಸಾಹೇಬ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ.

"ಇನ್ನೂ ಇಲ್ರಿ." ಸುಗಂಧಾ ಅವನ ಕಡೆ ನೋಡದೆಯೇ ಹೇಳುತ್ತಿದ್ದಳು. ಹೇಳಿಯಾದ ಮೇಲೆ ಮಾತ್ರ ನೋಡುತ್ತಿದ್ದಳು. ಹಬೆಯ ಆಚೆ ಒಂದು ಕ್ಷಣ ಆ ಕಣ್ಣು ಕಾಣುತ್ತಿತ್ತು, ಮತ್ತೆ ಮುಚ್ಚಿಹೋಗುತ್ತಿತ್ತು. ಅದಕ್ಕಾಗಿಯೇ ಅವನು ಮತ್ತೆ ಮತ್ತೆ ಕೇಳುತ್ತಿದ್ದನೋ ಏನೋ, ದೇವರೇ ಬಲ್ಲ.

ಹದಿಮೂರನೆಯ ದಿನ ಮುರಗೆಪ್ಪನಿಗೆ ಜ್ವರ ಬಂತು. ರಾವಸಾಹೇಬ ಕರೆಸಿದ್ದ ಪುಣೆಯ ಅಂಗಡಿಕಾರ ಕುಲಕರ್ಣಿ ಮರುದಿನ ಬೆಲ್ಲ ನೋಡಲು ಬರುವವನಿದ್ದ. ಹೊಲದ ಪಂಪು ಕೆಟ್ಟಿತೆಂದು ಸುಗಂಧಾಳಿಗೆ ಕರೆ ಬಂತು.

"ನಾ ಬರೂತನಕ ಕಡಾಯಿ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದಳು.

ಅವನು ಕಾದ. ಕೂತ, ಎದ್ದ, ಸುತ್ತು ಹಾಕಿದ. ರಸ ಹೊತ್ತಿಬಿಟ್ಟರೇನು ಗತಿ ಎಂದು ಕಡಾಯಿಯೊಳಗೆ ಬಗ್ಗಿ ನೋಡಿದ. ಆಳುಗಳನ್ನು ಕರೆದು ಕಡಾಯಿ ಇಳಿಸಿಯೇಬಿಟ್ಟ.

ಸಂಜೆಯಾದರೂ ಬೆಲ್ಲ ಗಟ್ಟಿಯಾಗಲಿಲ್ಲ. ಸೌಟಿನಿಂದ ಎತ್ತಿದರೆ ದಾರದಂತೆ ಇಳಿಯಿತು. ಸುಗಂಧಾ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಸೌಟು ಕೆಳಗಿಟ್ಟು ಮನೆಗೆ ನಡೆದಳು. ಇವಳಿಗೆ ಎರಡು ಸಲ ದ್ರೋಹ ಮಾಡಿದೆ ಎಂದುಕೊಂಡು ರಾವಸಾಹೇಬ ಬ್ಯಾಗು ತುಂಬಿಟ್ಟ.

ಬೆಳಿಗ್ಗೆ ಕುಲಕರ್ಣಿ ಬಂದ. ಬಂದವರಿಗೆ ಏನಾದರೂ ಬಡಿಸಬೇಕಲ್ಲ. ಸುಗಂಧಾಳ ತಾಯಿ ಗಿರಿಜವ್ವ ಬಿಸಿ ಚಪಾತಿಯ ಮೇಲೆ ತುಪ್ಪ ಹಾಕಿ, ಅದೇ ಗಟ್ಟಿಯಾಗದ ಬೆಲ್ಲವನ್ನು ಸುರಿದಳು.

"ಕಾಕಂಬಿ ಅಂತೀವ್ರಿ ಇದಕ್ಕ. ಹುಡುಗ್ರು ಬಾಳ ತಿಂತಾವ."

ಕುಲಕರ್ಣಿ ಮೂರು ಚಪಾತಿ ತಿಂದು ತಾಟನ್ನು ಬೆರಳಿನಿಂದ ಒರೆಸಿದ.

"ಬೆಲ್ಲ ಆಮ್ಯಾಲ ನೋಡೂಣು. ಇದನ್ನ ಬಾಟಲಿಗೆ ತುಂಬಿ ಕೊಡ್ತೀರೇನ್ರಿ? ವರ್ಷಪೂರ್ತಿ ಕೊಡಬೇಕು ಮತ್ತ."

"ಬಣ್ಣ ಕರ್ರಗೈತಲ್ರಿ?" ರಾವಸಾಹೇಬ ಕೇಳಿದ.

"ಕಾಕಂಬಿಗೆ ಬಣ್ಣ ಯಾರು ಕೇಳ್ತಾರ?"

ಬಾಗಿಲಲ್ಲಿ ನಿಂತಿದ್ದ ಸುಗಂಧಾ ಅವನನ್ನೇ ನೋಡಿದಳು. ಈ ಸಲ ಅವಳೂ ಕಣ್ಣು ಸರಿಸಲಿಲ್ಲ, ಅವನೂ ಸರಿಸಲಿಲ್ಲ.

ಅಂದೇ ಅವನು ಚಿಕ್ಕೋಡಿಗೆ ಹೋಗಿ ರಾಜೀನಾಮೆ ಪೋಸ್ಟ್ ಮಾಡಿದ. ತಿರುಗಿ ಬಂದಾಗ ಅವಳು ಗಾಣದ ಕಟ್ಟೆಯ ಮೇಲೆ ಎರಡು ಕಪ್ ಚಹಾ ಇಟ್ಟುಕೊಂಡು ಕೂತಿದ್ದಳು.

"ನೌಕರಿ ಬಿಟ್ರಂತ? ಅದಕ್ಕೂ ಅವಸರ?"

"ಅವಸರ ಅಲ್ರಿ. ಡಿಸೆಂಬರದಿಂದ ಕಾದೀನಿ."

ಜೀವಮಾನವೆಲ್ಲ ಅವಸರ ಮಾಡಿದವನಿಗೆ ಮುಂದಿನ ಒಂದು ಮಾತಿಗೆ ಮಾತ್ರ ಧೈರ್ಯ ಸಾಲಲಿಲ್ಲ.

ಸುಗಂಧಾ ಬಳೆ ಹಿಂದೆ ಮುಂದೆ ಸರಿಸಿದಳು. "ನಾಳಿಗೆ ಮಾವ ಬರ್ತಾರ. ಗಾಣ ಉಳೀತು ಅಂತ ಹೇಳ್ತೀನಿ. ಇನ್ನೊಂದೂ ಹೇಳೂದೈತಿ."

"ಏನ್ರಿ?"

"ನಾ ಲಗ್ನ ಆದ್ರ ನಿಮ್ಮನ್ನ ಅಂತ."

ಪಾಕ ಬರುವ ಮೊದಲು ಎಂದೂ ಕಡಾಯಿ ಇಳಿಸದವಳು ಕಿವಿಯವರೆಗೆ ಕೆಂಪಾಗಿ, ನೆಲ ನೋಡುತ್ತ ಕೇಳಿದಳು:

"ನಂದ ಅವಸರ ಆತೇನ್ರಿ?"

"ಇಲ್ರಿ," ಎಂದ ರಾವಸಾಹೇಬ. "ಬರೋಬರಿ ಆಗೇತಿ."

ಆಮೇಲೆ ಅವಳ ಪಕ್ಕದಲ್ಲಿ ಕೂತು, ಕಪ್ಪಿನ ತಳ ಕಾಣುವವರೆಗೂ ಚಹಾ ಕುಡಿದ.